ಲೆಕ್ಕಕ್ಕುಂಟು, ಆಟಕ್ಕಿಲ್ಲ

ಈ ವರ್ಷ ಅಪರಾಧ ಕಡಿಮೆಯಾಗಿದೆ ಅಂತ ಪೊಲೀಸರು ಹೇಳಿದಾಗ ನಾವು ಸಂತೋಷಪಡಬೇಕೋ, ದಿಗಿಲುಬೀಳಬೇಕೋ? ತಲೆಹರಟೆ ಪ್ರಶ್ನೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಕೇರಿಯಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಉತ್ತರ ಹೇಳುತ್ತಾರೆ. ಆ ಒಂದು ಗಳಿಗೆಯ ಮೌನದೊಳಗೆ ಏನಿದೆ ಅನ್ನೋದನ್ನು ಬಿಡಿಸಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ವರ್ಷದ ಕೊನೆಗೋ ಹೊಸ ವರ್ಷದ ಶುರುವಿಗೋ ಬೆಂಗಳೂರು ನಗರದ ಪೊಲೀಸ್ ಕಮಿಷನರು ಪತ್ರಿಕೆಯವರನ್ನು ಕೂರಿಸಿಕೊಂಡು ವರ್ಷದ ಲೆಕ್ಕ ಒಪ್ಪಿಸುತ್ತಾರೆ. ಕೊಲೆ ಎಷ್ಟು, ಸುಲಿಗೆ ಎಷ್ಟು, ಪತ್ತೆಯಾದದ್ದೆಷ್ಟು, ಹಿಡಿದ ಗಾಂಜಾ ಎಷ್ಟು, ಕುಡಿದು ಗಾಡಿ ಓಡಿಸಿದವರೆಷ್ಟು, ರಸ್ತೆಯಲ್ಲಿ ಸತ್ತವರೆಷ್ಟು. ಅದರ ಹಿಂದೆಯೇ ಮುಂದಿನ ವರ್ಷದ ಆದ್ಯತೆಗಳು ಬರುತ್ತವೆ: ಸೈಬರ್ ವಂಚನೆ, ಮಾದಕ ವಸ್ತು, ಟ್ರಾಫಿಕ್ಕು, ಕ್ಯಾಮೆರಾ. ಸೇಫ್ ಸಿಟಿ ಅನ್ನೋ ಯೋಜನೆಗೆ 667 ಕೋಟಿ ರೂಪಾಯಿ, ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ. ಆಗಾಗ ಪ್ರಾಪರ್ಟಿ ಪೆರೇಡ್ ಅಂತ ಒಂದು ನಡೆಯುತ್ತದೆ. ಕಳ್ಳರಿಂದ ವಾಪಸು ಪಡೆದ ಚಿನ್ನದ ಸರ, ಬೈಕು, ಮೊಬೈಲು ಎಲ್ಲವನ್ನೂ ಸಾಲಾಗಿ ಜೋಡಿಸಿ ಕಳಕೊಂಡವರಿಗೆ ಒಪ್ಪಿಸುತ್ತಾರೆ. ಹೋದ ತಾಳಿ ಸಿಕ್ಕಿದ ಹೆಣ್ಣುಮಗಳು ಕಣ್ಣೀರು ಹಾಕುತ್ತಾಳೆ. ಇದನ್ನು ನಾವು ಹಗುರ ಮಾಡುವುದಿಲ್ಲ. ಗಾರ್ಮೆಂಟ್ಸಿನಲ್ಲಿ ದುಡಿದು ಮಾಡಿಸಿದ ಒಂದೆಳೆ ಸರಕ್ಕೆ ಎಷ್ಟು ಬೆವರು ಬಿದ್ದಿರುತ್ತೆ ಅಂತ ನಮಗೆ ಗೊತ್ತು. ಆದರೆ ಮಾನ ಕಳಕೊಂಡವನಿಗೆ ಅದನ್ನು ಯಾವ ಮೇಜಿನ ಮೇಲೆ ಜೋಡಿಸಿ ಕೊಡುತ್ತಾರೆ ಅನ್ನೋದು ನಮ್ಮ ಪ್ರಶ್ನೆ.

ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಕೂತು ಬೆಂಗಳೂರಿನ ಲೆಕ್ಕ ನಮಗ್ಯಾಕೆ ಅಂತ ಕೇಳಬಹುದು. ನಮ್ಮೂರ ಕಡೆ ಹೊಯ್ಸಳ ಅಂದರೆ ಪಂಚಲಿಂಗೇಶ್ವರನ ಗುಡಿ. ಸಾಲಾಗಿ ಐದು ಗರ್ಭಗುಡಿ, ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೆಂಗಳೂರಿಗೆ ಕೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಹೋದ ಹುಡುಗರಿಗೆ ಹೊಯ್ಸಳ ಅಂದರೆ ರಾತ್ರಿ ಹೊತ್ತು ಕೆಂಪು-ನೀಲಿ ದೀಪ ಹಾಕಿಕೊಂಡು ಸುತ್ತೋ ಪೊಲೀಸ್ ಗಾಡಿ. ಒಂದು ಹೊಯ್ಸಳದ ಮುಂದೆ ನಮ್ಮ ಹಿರೀಕರು ದೂರ ನಿಂತರು. ಇನ್ನೊಂದು ಹೊಯ್ಸಳ ಬಂದರೆ ನಮ್ಮ ಹುಡುಗರು ತಾವಾಗಿಯೇ ಬದಿಗೆ ಸರಿಯುತ್ತಾರೆ, ಏನೂ ತಪ್ಪು ಮಾಡದಿದ್ದರೂ. ಊರಿನ ಅರ್ಧ ಜನ ನಗರದಲ್ಲಿದ್ದಾರೆ ಅನ್ನೋದು ಒಂದು ಕಾರಣವಾದರೆ, ನಗರದಲ್ಲಿ ಯಾವ ಅಳತೆಗೋಲು ತಯಾರಾಗುತ್ತದೋ ಅದೇ ಕೋಲು ತಾಲ್ಲೂಕಿನ ಠಾಣೆಗೂ ಬರುತ್ತದೆ ಅನ್ನೋದು ಇನ್ನೊಂದು ಕಾರಣ. ಜಿಲ್ಲೆಯ ಕ್ರೈಂ ಮೀಟಿಂಗಿನಲ್ಲಿ ಸಬ್ ಇನ್ಸ್‌ಪೆಕ್ಟರು ಉತ್ತರ ಕೊಡಬೇಕಾದ್ದು ಅದೇ ಅಂಕಿಗೆ: ಎಷ್ಟು ದಾಖಲು, ಎಷ್ಟು ಪತ್ತೆ, ಎಷ್ಟು ಬಾಕಿ.

ಹಳ್ಳಿಗೆ ಪೊಲೀಸು ಅನ್ನೋದು ಖಾಕಿಯ ಜೊತೆ ಬಂದದ್ದಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು. ಹಳೇ ಮೈಸೂರು ಸೀಮೆಯಲ್ಲಿ ಊರಿನ ಪೊಲೀಸು ಅಂದರೆ ಪಟೇಲ. ಅವನ ಕೈಕೆಳಗೆ ತೋಟಿ, ತಳವಾರ. ರಾತ್ರಿ ಊರು ಕಾಯೋದು, ಕಳವು ಆದರೆ ಹೆಜ್ಜೆ ಹುಡುಕೋದು, ಹೆಣ ಬಿದ್ದರೆ ಕಾವಲು ಕೂರೋದು, ಸುದ್ದಿ ಹೊತ್ತು ಮೈಲಿಗಟ್ಟಲೆ ನಡೆಯೋದು ಇವರ ಪಾಲಿಗೆ. ತೋಟಿ ಬಹುಮಟ್ಟಿಗೆ ನಮ್ಮ ಕೇರಿಯವನೇ. ಊರಿನವರ ಬಣವೆ, ಕಣ, ದನ ಎಲ್ಲವನ್ನೂ ಕಾದವನಿಗೆ ಊರಿನ ಬಾವಿ ಮುಟ್ಟೋ ಹಾಗಿರಲಿಲ್ಲ. ಪಟೇಲನೇ ಹೊಡೆದರೆ ದೂರು ಯಾರಿಗೆ? ಪಟೇಲನಿಗೆ. ಹೀಗಾಗಿ ಆ ಕಾಲದ ದಫ್ತರ ತೆಗೆದು ನೋಡಿದರೆ ಪಟೇಲನ ಮೇಲೆ ಕೇರಿಯವನು ಕೊಟ್ಟ ದೂರು ಎಲ್ಲಿ ಸಿಕ್ಕೀತು? ಅಂಕಿಯ ಪ್ರಕಾರ ಅದು ರಾಮರಾಜ್ಯ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು, ಪಟೇಲಿಕೆ ಹೋಯಿತು, ತೋಟಿಕೆ ಹೋಯಿತು. ಅದೇ 1963ರಲ್ಲಿ ಬೆಂಗಳೂರಿಗೆ ಪೊಲೀಸ್ ಕಮಿಷನರ್ ವ್ಯವಸ್ಥೆ ಬಂತು. ಅಧಿಕಾರ ಹೋಯಿತು ಸರಿ, ಪಟೇಲನ ಮೇಲೆ ದೂರು ಪಟೇಲನಿಗೇ ಕೊಡಬೇಕಾದ ಆ ಹಳೇ ಸಂಕಟ ಹೋಯಿತೇ?

ಸೊನ್ನೆ ಅನ್ನೋ ಅಂಕಿಗೆ ಎರಡು ಅರ್ಥ ಉಂಟು. ಒಂದು ಊರಿಂದ ವರ್ಷಪೂರ್ತಿ ಒಂದೂ ಜಾತಿ ದೌರ್ಜನ್ಯದ ಕೇಸು ಬರಲಿಲ್ಲ ಅಂದರೆ ಆ ಊರು ಸಮತೆಯ ಊರಾಗಿರಬಹುದು. ಅಥವಾ ಅಲ್ಲಿ ಯಾರೂ ಬಾಯಿ ಬಿಡದ ಹಾಗೆ ಯಜಮಾನಿಕೆ ಗಟ್ಟಿಯಾಗಿರಬಹುದು. ಕಾಗದದ ಮೇಲೆ ಎರಡೂ ಒಂದೇ ಸೊನ್ನೆ. ಗಾಯ ಆದವನು ಠಾಣೆಗೆ ಹೊರಟರೆ ಮೊದಲು ತಡೆಯೋದು ಪೊಲೀಸರಲ್ಲ, ಅವನ ಮನೆಯವರೇ. "ಯಾಕ್ಲಾ ಮಗಾ, ನಾಳೆ ಅವ್ರ ಗದ್ದೆಗೇ ತಾನೆ ಕೂಲಿಗೋಗ್ಬೇಕು, ಸುಮ್ಕಿರು" ಅನ್ನುತ್ತಾಳೆ ತಾಯಿ. ಅದನ್ನೂ ದಾಟಿ ಹೋದರೆ ಠಾಣೆಯ ಬಾಗಿಲಲ್ಲಿ ಊರಿನ ಮುಖಂಡರು ಮೊದಲೇ ಬಂದು ಕುರ್ಚಿಯಲ್ಲಿ ಕೂತಿರುತ್ತಾರೆ. ರಾಜಿ ಮಾತು ಶುರುವಾಗುತ್ತದೆ. ರಾಜಿಗೆ ಬಗ್ಗದಿದ್ದರೆ ಅರ್ಜಿ ತಗೊಂಡು ಹಿಂಬರಹ ಕೊಟ್ಟು ಕಳಿಸೋದು, ಅಲ್ಲವಾದರೆ ಎದುರಾಳಿಯಿಂದ ಒಂದು ಕೌಂಟರ್ ಕೇಸು ಬರೆಸಿಕೊಳ್ಳೋದು, ಕಡೆಗೆ ಬಿ ರಿಪೋರ್ಟು. ಗಂಭೀರ ಅಪರಾಧದ ದೂರು ಬಂದರೆ ಎಫ್.ಐ.ಆರ್. ಮಾಡಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಹೇಳಿದ್ದು ಕಾನೂನು. ಆದರೆ ದಾಖಲು ಜಾಸ್ತಿಯಾದರೆ ಮೇಲಿನವರು ಗದರುತ್ತಾರೆ ಅನ್ನೋ ಲೆಕ್ಕ ತಲೆಯಲ್ಲಿರೋ ತನಕ ಬರೆಯೋ ಕೈ ಹಿಂಜರಿಯುತ್ತಲೇ ಇರುತ್ತದೆ.

ಇದು ನಮ್ಮ ಕಲ್ಪನೆ ಅಂತ ತಿಳಿಯಬೇಡಿ. ದೇಶದ ಅಪರಾಧದ ಲೆಕ್ಕ ಇಡೋ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ, ದಾಖಲಾದ ಸಂಖ್ಯೆ ಏರೋದೂ ಅಪರಾಧ ಏರೋದೂ ಒಂದೇ ಅಂತ ತಿಳಿಯಬಾರದು ಅಂತ. ಅದೇ ಬ್ಯೂರೋದ ಇನ್ನೊಂದು ನಿಯಮ ಉಂಟು. ಒಂದೇ ಎಫ್.ಐ.ಆರ್.ನಲ್ಲಿ ನಾಲ್ಕು ಅಪರಾಧ ಇದ್ದರೆ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿ ಕೊಂದರೆ ಲೆಕ್ಕದಲ್ಲಿ ಅದೊಂದು ಕೊಲೆ. ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡದ್ದು ಇರಬಹುದು, ಆದರೆ ಅವಳು ಅನುಭವಿಸಿದ್ದರಲ್ಲಿ ಅರ್ಧ ಅಲ್ಲಿಗೇ ಅಳಿಸಿಹೋಯಿತಲ್ಲ.

2020ರ ಮೇ ತಿಂಗಳು ನಮ್ಮ ತಾಲ್ಲೂಕಿನವರಿಗೆ ಮರೆಯೋ ಹಾಗಿಲ್ಲ. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿದ್ದ ಕೆ.ಆರ್.ಪೇಟೆ ಕಡೆಯ ಜನ ಲಾಕ್‌ಡೌನ್ ಕಾಲದಲ್ಲಿ ವಾಪಸು ಬಂದರು, ಮಂಡ್ಯ ಜಿಲ್ಲೆಯ ಕೊರೊನಾ ಅಂಕಿ ದಡದಡ ಏರಿತು. ಆವಾಗ ಅಂಕಿ ಏರಿತು ಅಂತ ಪರೀಕ್ಷೆ ನಿಲ್ಲಿಸಿ ಅಂತ ತಿಳಿದವರು ಯಾರೂ ಹೇಳಲಿಲ್ಲ. ಪರೀಕ್ಷೆ ಮಾಡಿದಷ್ಟೂ ರೋಗ ಕಾಣುತ್ತದೆ, ಕಂಡಷ್ಟೂ ಮದ್ದು ಮಾಡಬಹುದು ಅಂತ ಎಲ್ಲರಿಗೂ ಅರ್ಥವಾಯಿತು. ಜಾತಿ ಅನ್ನೋ ರೋಗದ ವಿಷಯಕ್ಕೆ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೆ?

ಬುದ್ಧಿ ಇಲ್ಲ ಅಂತಲ್ಲ, ಅದನ್ನು ಬೇಕಾದ ಕಡೆ ಬಳಸುತ್ತಾರೆ ಅನ್ನೋದಕ್ಕೆ ಬೆಂಗಳೂರೇ ಸಾಕ್ಷಿ. 2023ರಲ್ಲಿ ಬೆಂಗಳೂರಿನಲ್ಲಿ 17,631 ಸೈಬರ್ ಅಪರಾಧ ದಾಖಲಾದವು, ದೇಶದ ಮಹಾನಗರಗಳಲ್ಲೇ ಹೆಚ್ಚು. ಜನ ಸುಳ್ಳು ಕೇಸು ಹಾಕ್ತಿದ್ದಾರೆ ಅಂತ ಯಾರಾದರೂ ಅಂದರೇ? ಸೈಬರ್ ಕಾನೂನು ದುರ್ಬಳಕೆ ಆಗ್ತಿದೆ, ಸಡಿಲ ಮಾಡಿ ಅಂದರೇ? ಇಲ್ಲ. ಪೊಲೀಸ್ ವಿಭಾಗಕ್ಕೊಂದರ ಹಾಗೆ ಸಿಇಎನ್ ಠಾಣೆ, 1930 ಅನ್ನೋ ಸಹಾಯವಾಣಿ, ಪೊಲೀಸರಿಗೆ ತರಬೇತಿ. ಒಳ್ಳೆಯದೇ ಆಯಿತು. ಮುದುಕರ ಪಿಂಚಣಿಯನ್ನೂ ಈ ವಂಚಕರು ಬಿಟ್ಟಿಲ್ಲ. ಆದರೆ ದೌರ್ಜನ್ಯ ತಡೆ ಕಾಯ್ದೆಯ ಕೇಸು ಹೆಚ್ಚಾದಾಗ ನಾವು ಕೇಳೋ ಮೊದಲ ಮಾತು ಯಾವುದು? ದುರ್ಬಳಕೆ. 1989ರ ಈ ಕಾಯ್ದೆಯಡಿ ಬಂಧಿಸೋಕೆ ಮೊದಲು ಪ್ರಾಥಮಿಕ ವಿಚಾರಣೆ, ಮೇಲಧಿಕಾರಿಯ ಒಪ್ಪಿಗೆ ಬೇಕು ಅಂತ 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟೇ ಹೇಳಿತು. ಏಪ್ರಿಲ್ 2ರಂದು ದೇಶದ ಉದ್ದಗಲಕ್ಕೂ ಬಂದ್ ಆಯಿತು, ಜೀವಗಳು ಹೋದವು. ಆಗಸ್ಟಿನಲ್ಲಿ ಸಂಸತ್ತು 18ಎ ಕಲಂ ಸೇರಿಸಿತು. 2019ರಲ್ಲಿ ಕೋರ್ಟು ತನ್ನ ಆ ನಿರ್ದೇಶನಗಳನ್ನು ತಾನೇ ಹಿಂದಕ್ಕೆ ತಗೊಂಡಿತು. ಒಂದು ಅಂಕಿಯನ್ನು ಕಂಡು ಠಾಣೆ ಕಟ್ಟುತ್ತಾರೆ, ಇನ್ನೊಂದು ಅಂಕಿಯನ್ನು ಕಂಡು ದೂರು ಕೊಟ್ಟವನ ಮೇಲೇ ಅನುಮಾನ ಪಡುತ್ತಾರೆ. ಅಂಕಿಗೆ ಜಾತಿ ಇಲ್ಲ, ಓದುವವರ ಕಣ್ಣಿಗಿದೆ.

ಇನ್ನು ವರ್ಷ ಅನ್ನೋ ಅಳತೆಯ ವಿಷಯ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. ಆ ವರ್ಷದ ಲೆಕ್ಕದಲ್ಲಿ ಇದು ಹೇಗೆ ಬಂದೀತು? ಪ್ರಕರಣ ದಾಖಲು, ಆರೋಪಿಗಳ ಬಂಧನ, ಆಮೇಲೆ ಚಾರ್ಜ್‌ಶೀಟು. ಪೊಲೀಸ್ ಭಾಷೆಯಲ್ಲಿ ಪತ್ತೆಯಾದ ಕೇಸು. ನ್ಯಾಯಾಲಯದಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜೀವ ಸುಟ್ಟವರು ಯಾರೂ ಅಲ್ಲ ಅಂತಾಯಿತು. ಈ ಹದಿನಾಲ್ಕು ವರ್ಷದಲ್ಲಿ ಎಷ್ಟು ವಾರ್ಷಿಕ ವರದಿಗಳು ಬಂದುಹೋದವು! ಯಾವುದಾದರೂ ಒಂದರಲ್ಲಿ "ನಾವು ಪತ್ತೆ ಮಾಡಿದೆವು ಅಂದಿದ್ದ ಕೇಸು ಬಿದ್ದುಹೋಯಿತು, ಸಾಕ್ಷಿಗಳನ್ನು ಕಾಯೋಕೆ ನಮ್ಮಿಂದ ಆಗಲಿಲ್ಲ" ಅಂತ ಒಂದು ಸಾಲಿಗೆ ಜಾಗ ಇರುತ್ತದೆಯೇ? ವರ್ಷ ಅನ್ನೋದು ಖಜಾನೆಯ ಅಳತೆ, ಸಂಬಳ ಬಡ್ತಿಗಳ ಅಳತೆ. ಕೇರಿಯವನ ಕೇಸಿನ ಆಯುಸ್ಸು ಅದಕ್ಕಿಂತ ಉದ್ದ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 98 ಜನಕ್ಕೆ ಜೀವಾವಧಿ ಶಿಕ್ಷೆ ಅಂತ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ಆದರೂ ಹತ್ತು ವರ್ಷ ಸಾಕ್ಷಿ ಹೇಳಲು ಗಟ್ಟಿಯಾಗಿ ನಿಂತ ಆ ಊರಿನ ಬಡವರ ಧೈರ್ಯವನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು?

ಪೊಲೀಸರ ಒಳ್ಳೆಯ ಕೆಲಸವೂ ಈ ಲೆಕ್ಕದಲ್ಲಿ ಕಾಣುವುದಿಲ್ಲ ಅನ್ನೋದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. 2024ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರನ ಗುಡಿಯೊಳಕ್ಕೆ ಹೋದರು, ಪೊಲೀಸ್ ಬಂದೋಬಸ್ತಿನಲ್ಲಿ. ಸಿಟ್ಟಾದ ಸವರ್ಣರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರನಡೆದರು. ದೇವರನ್ನು ಹೊರಗೆ ಹಾಕಿಯಾದರೂ ಜಾತಿಯನ್ನು ಒಳಗೆ ಉಳಿಸಿಕೊಳ್ಳೋ ಜನ! ಅವತ್ತು ಖಾಕಿ ತೊಟ್ಟವರು ಬಾಗಿಲಲ್ಲಿ ನಿಂತದ್ದು ವರ್ಷದ ನೂರು ಸರಗಳ್ಳರನ್ನು ಹಿಡಿದದ್ದಕ್ಕಿಂತ ದೊಡ್ಡ ಕೆಲಸ ಅಂತ ನಾವು ಎಣಿಸುತ್ತೇವೆ. ಆದರೆ ಪತ್ತೆಯ ಕಾಲಮ್ಮಿಗೂ ವಶದ ಕಾಲಮ್ಮಿಗೂ ಅದರಿಂದ ಏನೂ ಸೇರುವುದಿಲ್ಲ.

ಹಾಗಂತ ಎಲ್ಲ ಬಂದೋಬಸ್ತೂ ಇಂಥದ್ದಲ್ಲ. ಶಾಂತಿ ಸಭೆ ಅನ್ನೋದನ್ನು ನೋಡಿ. ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ "ಊರಿನ ಶಾಂತಿ ಕೆಡಿಸಬೇಡಿ" ಅಂತ ಇಬ್ಬರಿಗೂ ಬುದ್ಧಿ ಹೇಳುತ್ತಾರೆ. ಹೊಡೆದವನಿಗೆ ಇದು ಹೂವಿನ ಏಟು. ಹೊಡೆಸಿಕೊಂಡವನಿಗೆ ಅರ್ಥ ಬೇರೆ: ನೀನು ದೂರು ಕೊಟ್ಟದ್ದೇ ಶಾಂತಿಭಂಗ. ಅವನ ಬೆನ್ನ ಮೇಲೆ ಬಾಸುಂಡೆ ಬಿದ್ದಾಗ ಕದಡದ ಶಾಂತಿ ಅವನು ಬಾಯಿ ತೆರೆದಾಗ ಹೇಗೆ ಕದಡಿತು? ಅಂಥ ಶಾಂತಿ ಯಾರ ಶಾಂತಿ? ಕಾನೂನು ಮತ್ತು ಸುವ್ಯವಸ್ಥೆ ಅಂತ ಒಂದೇ ಉಸಿರಿಗೆ ಅನ್ನುತ್ತಾರೆ. ನಮ್ಮ ಪಾಲಿಗೆ ಅವೆರಡೂ ಎಷ್ಟೋ ಸಲ ಒಂದಕ್ಕೊಂದು ಎದುರಾಗಿ ನಿಂತಿವೆ. ಇರೋ ವ್ಯವಸ್ಥೆ ಅಲುಗಾಡದ ಹೊರತು ಕಾನೂನು ನಡೆಯದ ಊರುಗಳಿವೆ.

ನಗರಕ್ಕೇ ಮರಳೋಣ. ಮ್ಯಾನ್‌ಹೋಲಿಗೆ ಇಳಿದು ಉಸಿರುಕಟ್ಟಿ ಒಬ್ಬ ಸತ್ತರೆ ವಾರ್ಷಿಕ ವರದಿಯ ಯಾವ ಮನೆಯಲ್ಲಿ ಅವನನ್ನು ಕೂರಿಸುತ್ತಾರೆ? ಅಸಹಜ ಸಾವು ಅಂತ ಯುಡಿಆರ್ ಮಾಡಬಹುದು, ನಿರ್ಲಕ್ಷ್ಯದ ಸಾವು ಅನ್ನಬಹುದು. ಮಲ ಹೊರಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ದಲಿತನನ್ನು ಅದಕ್ಕೆ ಹಚ್ಚೋದು ದೌರ್ಜನ್ಯ ಅಂತ 2015ರ ತಿದ್ದುಪಡಿ ಬರೆದಿದೆ. ಒಳಚರಂಡಿಯಲ್ಲಿ ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಸಾವನ್ನು ಅಪಘಾತ ಅಂತ ಬರೆದರೆ ಕಂತ್ರಾಟುದಾರ ಬಚಾವು, ದೌರ್ಜನ್ಯ ಅಂತ ಬರೆದರೆ ಕೈಗೆ ಕೋಳ. ಠಾಣೆಯ ಬರಹಗಾರನ ಪೆನ್ನಿನ ತುದಿಯಲ್ಲಿರೋ ಒಂದು ಪದಕ್ಕೆ ಇಷ್ಟು ಬೆಲೆ. ಏಳು ಸಾವಿರ ಕ್ಯಾಮೆರಾಗಳಲ್ಲಿ ಎಷ್ಟು ಮ್ಯಾನ್‌ಹೋಲಿನ ಕಡೆ ಮುಖ ಮಾಡಿವೆಯೋ!

ಆ ಬರಹಗಾರನೂ ಬಹಳ ಸಲ ನಮ್ಮವನೇ, ರೈತನ ಮಗ, ಕೂಲಿಯವನ ಮಗ. ರಜೆ ಇಲ್ಲ, ಹೊತ್ತಿಲ್ಲ ಗೊತ್ತಿಲ್ಲ ಅಂತ 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಅಂದಾಗ ಸರ್ಕಾರ ಎಸ್ಮಾ ಹಾಕಿತು. ದುಡಿಯುವವನ ದನಿಯನ್ನು ಪ್ರಭುತ್ವ ಹೇಗೆ ಕೇಳುತ್ತದೆ ಅಂತ ಅವತ್ತು ಅವರಿಗೂ ತಿಳಿದಿರಬೇಕು.

ಮೇಲಿನವರನ್ನು ಹೊಣೆ ಮಾಡೋಕೆ ಆಗೋದೇ ಇಲ್ಲ ಅನ್ನೋ ಮಾತನ್ನು ನಾವು ಒಪ್ಪುವುದಿಲ್ಲ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಿನಲ್ಲಿ ಗಲಭೆ ಆಗಿ ಅಂಗಡಿಗಳು ಸುಟ್ಟವು, ಎರಡೇ ದಿನದಲ್ಲಿ ಇನ್ಸ್‌ಪೆಕ್ಟರ್ ಅಮಾನತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತರು, ಮಾರನೇ ದಿನವೇ ಕಮಿಷನರ್ ಅಮಾನತು. ಅದು ನ್ಯಾಯವೋ ಬಲಿಪಶು ಮಾಡಿದ್ದೋ ಅನ್ನೋ ಚರ್ಚೆ ಬೇರೆ. ಮನಸ್ಸಿದ್ದರೆ ಒಂದು ರಾತ್ರಿಯಲ್ಲಿ ಆಗುತ್ತದೆ ಅನ್ನೋದಷ್ಟು ಸಾಬೀತಾಯಿತು. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಇದನ್ನೇ ಹೇಳುತ್ತದೆ: ದೂರು ಬರೆದುಕೊಳ್ಳದ, ಸರಿಯಾಗಿ ತನಿಖೆ ಮಾಡದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಸಜೆ. ಈ ಕಲಂ ಅಡಿ ಈ ವರ್ಷ ಎಷ್ಟು ವಿಚಾರಣೆ ಆಯಿತು ಅನ್ನೋದು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಬರಬೇಕು ಅಂತ ನಾವು ಕೇಳುತ್ತೇವೆ.

ಆದ್ಯತೆ ಅನ್ನೋ ಪದ ಕೇಳೋಕೆ ಸಂಭಾವಿತವಾಗಿದೆ. ನಮಗೆ ಅದು ಕೇಳಿಸೋದು ಪಂಕ್ತಿ ಅಂತ. ಊರಿನ ಹಬ್ಬದೂಟದಲ್ಲಿ ನಿಮಗೆ ಊಟ ಇಲ್ಲ ಅಂತ ಯಾರೂ ಅನ್ನುತ್ತಿರಲಿಲ್ಲ. ಮೊದಲ ಪಂಕ್ತಿ ಆಗಲಿ, ಎರಡನೇದು ಆಗಲಿ, ಕಡೆಗೆ ನೀವು ಬನ್ನಿ, ಅನ್ನುತ್ತಿದ್ದರು. ಅಷ್ಟೊತ್ತಿಗೆ ಸಾರು ನೀರಾಗಿರುತ್ತಿತ್ತು, ಪಾಯಸದ ಪಾತ್ರೆ ತೊಳೆದಾಗಿರುತ್ತಿತ್ತು. ಸೈಬರ್ ಮೊದಲು, ಡ್ರಗ್ಸ್ ಆಮೇಲೆ, ಟ್ರಾಫಿಕ್ಕು ಆಮೇಲೆ. ಜಾತಿ ದೌರ್ಜನ್ಯ ನಮ್ಮ ಆದ್ಯತೆಯಲ್ಲ ಅಂತ ಯಾವ ಕಮಿಷನರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಕಿಯ ಪಟ್ಟಿಯಲ್ಲಿ ನಮ್ಮ ಒಂದು ಸಾಲು ಇದ್ದೇ ಇರುತ್ತದೆ. ಮಕ್ಕಳಾಟದಲ್ಲಿ ಪುಟ್ಟ ಮಗುವನ್ನು ಸಮಾಧಾನ ಮಾಡೋಕೆ ಸೇರಿಸಿಕೊಂಡ ಹಾಗೆ, ಲೆಕ್ಕಕ್ಕುಂಟು ಆಟಕ್ಕಿಲ್ಲ. ಕಳವಾದದ್ದರ ಬೆಲೆ ನೋಡಿ ಪಂಕ್ತಿ ಹಾಕೋ ಬದಲು, ದೂರು ಕೊಡೋಕೆ ಎಷ್ಟು ಕಷ್ಟಪಡಬೇಕಾಯಿತು ಅನ್ನೋದನ್ನು ನೋಡಿ ಪಂಕ್ತಿ ಹಾಕಿದರೆ ಹೇಗಿರುತ್ತದೆ? ಕಾರಿನಲ್ಲಿ ಬಂದು ದೂರು ಕೊಡುವವನಿಗೆ ಪೊಲೀಸು ಇಲ್ಲದಿದ್ದರೂ ವಕೀಲ, ಪತ್ರಿಕೆ, ಎಂ.ಎಲ್.ಎ. ಎಲ್ಲ ಇದ್ದಾರೆ. ಕೂಲಿ ಬಿಟ್ಟು, ಬಸ್ ಚಾರ್ಜು ಸಾಲ ಮಾಡಿ, ನಾಳೆ ಬಹಿಷ್ಕಾರ ಬೀಳುತ್ತದೆ ಅಂತ ಗೊತ್ತಿದ್ದೂ ಬಂದವಳಿಗೆ ಆ ಠಾಣೆ ಬಿಟ್ಟರೆ ಬೇರೇನೂ ಇಲ್ಲ. ಒಂದು ಪಡೆ ಎಂಥದ್ದು ಅಂತ ತೂಗಬೇಕಾದ್ದು ಅವಳನ್ನು ಕೂರಿಸಿದ ರೀತಿಯಿಂದ, ಕೂರಿಸಿದರೋ ಇಲ್ಲವೋ ಅನ್ನೋದರಿಂದ.

2025ರಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ರಾಜ್ಯದಲ್ಲಿ 33 ಪ್ರತ್ಯೇಕ ಪೊಲೀಸ್ ಠಾಣೆ ಕೊಟ್ಟಿದ್ದಾರೆ. ಅಲ್ಲಿ ಕೇಸು ಹೆಚ್ಚಿದರೆ ನೋಡಿ ಜಾತಿ ದ್ವೇಷ ಹೆಚ್ಚಾಯಿತು ಅಂತ ಗುಲ್ಲೆಬ್ಬಿಸಲು ಪಟ್ಟಭದ್ರರು ಕಾಯುತ್ತಿದ್ದಾರೆ. ಶಾಲೆಯ ಮೇಷ್ಟ್ರುಗಳು, ಕಾಲೇಜಿನ ಹುಡುಗರು ಆ ಹೊತ್ತಿಗೆ ಉತ್ತರ ಸಿದ್ಧವಾಗಿಟ್ಟುಕೊಂಡಿರಬೇಕು. ಈ ಠಾಣೆಗಳ ಸೊನ್ನೆಯನ್ನು ಹೊಗಳಬಾರದು, ಆ ಸೊನ್ನೆ ಎಲ್ಲಿಂದ ಬಂತು ಅಂತ ಊರೂರು ಹೋಗಿ ಕೇಳಬೇಕು.

ಬೆಂಗಳೂರಿನ ಕಮಿಷನರ ಕಚೇರಿ ನಮಗೆ ದೂರ ಇರಬಹುದು, ಪಾಂಡವಪುರ ದೂರವಿಲ್ಲ. ದೌರ್ಜನ್ಯ ಕೇಸುಗಳ ಮೇಲೆ ಕಣ್ಣಿಡೋಕೆ ಜಿಲ್ಲೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ, ಉಪವಿಭಾಗಕ್ಕೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು ಅಂತ ನಿಯಮವಿದೆ. ಜಿಲ್ಲಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ಪಾಂಡವಪುರ ಉಪವಿಭಾಗಕ್ಕೇ ಸೇರಿದವು. ಕಳೆದ ವರ್ಷ ಎಷ್ಟು ಸಭೆ ಆಯಿತು, ಎಷ್ಟು ಅರ್ಜಿಗೆ ಹಿಂಬರಹ ಕೊಟ್ಟು ಕಳಿಸಿದರು, 60 ದಿನದ ಗಡುವಿನೊಳಗೆ ಎಷ್ಟು ಚಾರ್ಜ್‌ಶೀಟು ಹೋಯಿತು, ಎಷ್ಟು ಬಿ ರಿಪೋರ್ಟು, ಎಷ್ಟು ಸಾಕ್ಷಿಗಳಿಗೆ ಓಡಾಟದ ಖರ್ಚು ಕೊಟ್ಟರು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಾಲ್ಕು ತಾಲ್ಲೂಕಿನ ಗೆಳೆಯರೂ ಒಂದೊಂದು ಅರ್ಜಿ ಹಾಕಿ, ಬಂದ ಉತ್ತರವನ್ನು ಪತ್ರಿಕೆಗೆ ಕಳಿಸಿಕೊಡಿ. ಉತ್ತರ ಬಾರದಿದ್ದರೆ ಅರ್ಜಿ ಹಾಕಿದ ತಾರೀಕನ್ನು ಬರೆದು ಕಳಿಸಿ, ಅದನ್ನೂ ಅಚ್ಚು ಹಾಕುತ್ತೇವೆ.